ಉಚಿತ ಪ್ರಸಾದ ನಿಲಯಗಳು ನಡೆದು ಬಂದ ದಾರಿ



ಶ್ರೀಮಠದ ಹಳೆಯ ವಿದ್ಯಾರ್ಥಿಗಳು ಎಷ್ಟೋ ವರ್ಷಗಳ ಮೇಲೆ ದರ್ಶನಕ್ಕೆ ಬಂದಾಗ ಗದ್ದುಗೆಗೆ ನಮಸ್ಕರಿಸಿ, ಕುಶಲ ವಿಚಾರಿಸಿ, ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: “ಊಟದ ಮನೆ ಇನ್ನೂ ಅಲ್ಲೇ ಇದೆಯೇ?” ಹೀಗೆ ಕೇಳುವವರಲ್ಲಿ ವೈದ್ಯರಿದ್ದಾರೆ, ವಕೀಲರಿದ್ದಾರೆ, ನಿವೃತ್ತರಾದ ಶಿಕ್ಷಕರಿದ್ದಾರೆ, ಒಕ್ಕಲುತನಕ್ಕೆ ಮರಳಿದವರೂ ಇದ್ದಾರೆ. ಪರೀಕ್ಷೆಗೆ ಓದಿದ ಗ್ರಂಥಗಳ ಹೆಸರು ಅವರಿಗೆ ಮರೆತಿರಬಹುದು. ತಾವು ಕೂಡುತ್ತಿದ್ದ ಸಾಲು, ಗಂಗಾಳಕ್ಕೆ ಬೀಳುತ್ತಿದ್ದ ಜೋಳದ ನುಚ್ಚಿನ ಬಿಸಿ, ಬಡಿಸುವ ಸರದಿ ತಮ್ಮದಾದಾಗ ಗೆಳೆಯನಿಗೆ ಒಂದು ಸೌಟು ಹೆಚ್ಚು ಸುರಿದ ಸಣ್ಣ ಪಕ್ಷಪಾತ, ಇವು ಮರೆತಿರುವುದಿಲ್ಲ.

ನಮ್ಮ ನಾಡಿನ ಉಚ್ಚ ಶಿಕ್ಷಣದ ಇತಿಹಾಸವನ್ನು ಬರೆದವರು ಕಾಲೇಜುಗಳ ಸ್ಥಾಪನೆ, ವಿಶ್ವವಿದ್ಯಾಲಯಗಳ ಕಾಯಿದೆ, ಕಟ್ಟಡಗಳಿಗೆ ದಾನವಿತ್ತ ಮಹನೀಯರು, ಇಷ್ಟನ್ನು ವಿಸ್ತಾರವಾಗಿ ಬರೆದಿದ್ದಾರೆ. ಆ ಕಾಲೇಜಿಗೆ ಹಳ್ಳಿಯಿಂದ ಬಂದ ಹುಡುಗನು ರಾತ್ರಿ ಎಲ್ಲಿ ಮಲಗಿದನು, ಮಧ್ಯಾಹ್ನ ಏನನ್ನು ಉಂಡನು ಎಂಬುದನ್ನು ಬಹುಮಟ್ಟಿಗೆ ಬರೆದಿಲ್ಲ. ವಿದ್ಯಾರ್ಥಿಯ ಅನ್ನಕ್ಕೂ ಒಂದು ಇತಿಹಾಸವುಂಟು. ಅದರಲ್ಲಿ ಹೆಮ್ಮೆಪಡುವಂತಹ ಪುಟಗಳೂ ಇವೆ, ತಲೆ ತಗ್ಗಿಸಬೇಕಾದ ಪುಟಗಳೂ ಇವೆ. ಎರಡನ್ನೂ ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಪ್ರಸಾದ ನಿಲಯಗಳಿಗಿಂತ ಮೊದಲು ಬಡ ವಿದ್ಯಾರ್ಥಿಗೆ ಇದ್ದ ಆಸರೆಯೆಂದರೆ ವಾರಾನ್ನ. ಮೈಸೂರು, ಬೆಂಗಳೂರುಗಳಲ್ಲಿ ಈ ಪದ್ಧತಿ ಬಹುಕಾಲ ಬಳಕೆಯಲ್ಲಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡ ಹುಡುಗನ ವಾರವು ಹೇಗೋ ಸಾಗುತ್ತಿತ್ತು. ಆರೇ ಮನೆ ಸಿಕ್ಕರೆ ಏಳನೆಯ ದಿನ ಉಪವಾಸ. ಮನೆಯವರು ಪರಸ್ಥಳಕ್ಕೆ ಹೋದರೆ ಆ ದಿನವೂ ಉಪವಾಸ. ಮಹಾರಾಷ್ಟ್ರದ ಕಡೆ ಇದಕ್ಕೆ ಹತ್ತಿರವಾದ ಮಧುಕರಿಯ ಪದ್ಧತಿಯಿತ್ತು. ಎಸ್. ಎಲ್. ಭೈರಪ್ಪನವರ ಆತ್ಮವೃತ್ತಾಂತವಾದ ‘ಭಿತ್ತಿ’ಯನ್ನು ಓದಿದವರಿಗೆ, ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿಯೂ ಮೈಸೂರಿನಲ್ಲಿ ವಾರಾನ್ನದ ಬದುಕು ಎಂತಹುದಾಗಿತ್ತೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ವಾರಾನ್ನ ಕೊಟ್ಟ ಗೃಹಿಣಿಯರ ಔದಾರ್ಯವನ್ನು ನಾವು ಕಡೆಗಣಿಸುತ್ತಿಲ್ಲ. ಆದರೆ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ವಾರಾನ್ನ ನಡೆಯಬೇಕಾದರೆ ವಿದ್ಯಾರ್ಥಿಯ ಜಾತಿಯವರ ಮನೆಗಳು ಕಾಲೇಜಿರುವ ಪಟ್ಟಣದಲ್ಲಿ ಸಾಕಷ್ಟು ಇರಬೇಕು, ಆ ಮನೆಗಳಿಗೆ ಓದಿನ ಬೆಲೆ ಗೊತ್ತಿರಬೇಕು. ಬ್ರಾಹ್ಮಣ ವಿದ್ಯಾರ್ಥಿಗೆ ಇವೆರಡೂ ಒಂದು ಮಟ್ಟಿಗೆ ದೊರೆಯುತ್ತಿದ್ದವು. ಹಳ್ಳಿಯಲ್ಲಿ ನೆಲೆನಿಂತ ಲಿಂಗಾಯತ ಒಕ್ಕಲುಮಗನಿಗೆ, ಒಕ್ಕಲಿಗನಿಗೆ, ಕುರುಬನಿಗೆ, ಮರಾಠನಿಗೆ ಪಟ್ಟಣದಲ್ಲಿ ಬಂಧುವರ್ಗವೇ ಇರಲಿಲ್ಲ. ಅಸ್ಪೃಶ್ಯನೆಂದು ದೂರವಿರಿಸಲ್ಪಟ್ಟವನಿಗಂತೂ ಊಟದ ಮಾತಿರಲಿ, ಬಾಡಿಗೆಗೆ ಕೋಣೆಯೂ ಸಿಗುತ್ತಿರಲಿಲ್ಲ. ಹೀಗಾಗಿ ಶುಲ್ಕದ ಹಣವನ್ನು ಹೇಗೋ ಹೊಂದಿಸಿಕೊಂಡವನೂ ಕಾಲೇಜಿನ ಬಾಗಿಲಿನಿಂದಲೇ ಹಿಂದಿರುಗುವುದಿತ್ತು.

ಇದರೊಡನೆ ದೂರದ ತೊಡಕೂ ಸೇರಿತ್ತು. ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳಿಗೆ 1917ರವರೆಗೆ ಸ್ವಂತದ ಕಾಲೇಜೆಂಬುದೇ ಇರಲಿಲ್ಲ. ಮೆಟ್ರಿಕ್ ಮುಗಿಸಿದ ಕನ್ನಡದ ಹುಡುಗ ಪುಣೆಗೆ ಹೋಗಬೇಕು, ಇಲ್ಲವೆ ಮುಂಬಯಿಗೆ, ಇಲ್ಲವೆ ಕೊಲ್ಲಾಪುರದ ರಾಜಾರಾಮ ಕಾಲೇಜಿಗೆ. ಅನ್ಯಭಾಷೆಯ ಪಟ್ಟಣದಲ್ಲಿ ನೆಂಟರಿಲ್ಲದ, ಕಾಸಿಲ್ಲದ ಹದಿನೇಳರ ಹುಡುಗನ ಪಾಡನ್ನು ಊಹಿಸಿಕೊಳ್ಳಿರಿ.

ಕೊಲ್ಲಾಪುರದ ಹೆಸರು ಬಂದ ಮೇಲೆ ಅಲ್ಲಿ ಸ್ವಲ್ಪ ನಿಲ್ಲಲೇಬೇಕು. ವಿದ್ಯಾರ್ಥಿ ವಸತಿಗೃಹಗಳ ತಾಯಿಯೆಂದು ಆ ನಗರವನ್ನು ಕರೆಯುವುದು ಉಚಿತವಾಗಿಯೇ ಇದೆ. ರಾಜರ್ಷಿ ಶಾಹೂ ಛತ್ರಪತಿಗಳು (1874-1922) ಮೊದಲಿಗೆ ಎಲ್ಲ ಜಾತಿಯವರಿಗೂ ತೆರೆದ ಒಂದು ವಸತಿಗೃಹವನ್ನು ನಡೆಸಿ ನೋಡಿದರು. ಅದರಲ್ಲಿ ಬ್ರಾಹ್ಮಣೇತರ ವಿದ್ಯಾರ್ಥಿಗಳಿಗೆ ಎಡೆ ದೊರೆಯದೆ ಹೋದುದನ್ನು ಕಂಡು, ಒಂದೊಂದು ಸಮಾಜಕ್ಕೆ ಒಂದೊಂದು ಗೃಹವೆಂಬ ದಾರಿಯನ್ನು ಹಿಡಿದರು. 1901ರಲ್ಲಿ ಮರಾಠಾ ಬೋರ್ಡಿಂಗ್, ಅದೇ ವರ್ಷ ಜೈನ ಬೋರ್ಡಿಂಗ್, 1906ರಲ್ಲಿ ಮುಸ್ಲಿಂ ಬೋರ್ಡಿಂಗ್, 1907ರಲ್ಲಿ ವೀರಶೈವ ಲಿಂಗಾಯತ ವಿದ್ಯಾರ್ಥಿ ವಸತಿಗೃಹ, 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್, ಹೀಗೆ ಸಾಲುಸಾಲಾಗಿ ಗೃಹಗಳು ತೆರೆದವು. ಮಹಾರಾಜರು ಸ್ಥಳವನ್ನೂ ಧನವನ್ನೂ ಕೊಟ್ಟರು, ನಡೆಸುವ ಭಾರವನ್ನು ಆಯಾ ಸಮಾಜದವರ ಹೆಗಲಿಗೆ ಹೊರಿಸಿದರು. ಜಾತಿಗೊಂದು ಗೃಹವನ್ನು ಕಟ್ಟಿ ಜಾತಿಯನ್ನೇ ಗಟ್ಟಿ ಮಾಡಿದರಲ್ಲವೇ ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಸರ್ವರಿಗೂ ತೆರೆದುದೆಂಬ ಹೆಸರಿನ ಮನೆಯಲ್ಲಿ ತನಗೆ ಜಾಗವೇ ಇಲ್ಲವೆಂಬುದನ್ನು ಕಂಡ ಹುಡುಗನಿಗೆ ಆ ಕಾಲದಲ್ಲಿ ಬೇರೆ ಯಾವ ಪರಿಹಾರ ತಕ್ಷಣಕ್ಕೆ ದೊರೆಯುತ್ತಿತ್ತೆಂಬುದನ್ನು ಆಕ್ಷೇಪಿಸುವವರು ಹೇಳುವುದಿಲ್ಲ.

ಈ ಪದ್ಧತಿಯ ಕೊರತೆಯನ್ನು ಅದರೊಳಗೇ ಬೆಳೆದ ಒಬ್ಬ ಹುಡುಗ ಎತ್ತಿ ತೋರಿಸಿದನು. ಕುಂಭೋಜದಲ್ಲಿ 1887ರಲ್ಲಿ ಜನಿಸಿದ ಭಾವೂರಾವ್ ಪಾಟೀಲರ ಪೂರ್ವಿಕರು ನಮ್ಮ ಮೂಡಬಿದರೆಯ ಕಡೆಯವರು. ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದುತ್ತಿದ್ದಾಗ ಅವರು ಮಿಸ್ ಕ್ಲಾರ್ಕ್ ಬೋರ್ಡಿಂಗಿನ ಸಮಾರಂಭಕ್ಕೆ ಹೋಗಿಬಂದರು. ಹಿಂದಿರುಗಿದವರು ಸ್ನಾನ ಮಾಡಿಯೇ ಪಂಕ್ತಿಗೆ ಕೂಡಬೇಕೆಂಬ ಆಜ್ಞೆಯನ್ನು ಪಾಲಿಸಲಿಲ್ಲ. ಅದಕ್ಕಾಗಿ ಅಲ್ಲಿಂದ ಹೊರಹಾಕಲ್ಪಟ್ಟರು. ಅದೇ ಭಾವೂರಾವ್ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು, 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಹುಡುಗರೂ ಒಂದೇ ಒಲೆಯ ಅಡಿಗೆಯನ್ನು ತಾವೇ ಮಾಡಿ ಒಂದೇ ಸಾಲಿನಲ್ಲಿ ಉಣ್ಣುವ ಗೃಹವನ್ನು ತೆರೆದರು. ಹಳ್ಳಿಯ ಮನೆಗಳಲ್ಲಿ ದಿನಕ್ಕೊಂದು ಹಿಡಿ ಧಾನ್ಯವನ್ನು ತೆಗೆದಿಡಿಸುವ ಮುಷ್ಟಿ ನಿಧಿಯಿಂದ ಅದು ನಡೆಯಿತು. ಧಾನ್ಯ ತೀರಿದ ದಿನ ಅವರ ಧರ್ಮಪತ್ನಿ ಲಕ್ಷ್ಮೀಬಾಯಿಯವರು ಮೈಮೇಲಿನ ಆಭರಣಗಳನ್ನೂ, ಕೊನೆಗೆ ಮಂಗಳಸೂತ್ರವನ್ನೂ ತೆಗೆದುಕೊಟ್ಟರು. 1927ರಲ್ಲಿ ಗಾಂಧೀಜಿಯವರು ಆ ಗೃಹವನ್ನು ಕಣ್ಣಾರೆ ಕಂಡು ಮೆಚ್ಚಿದರು.

ಈಗ ನಮ್ಮ ನಾಡಿನತ್ತ ಬರೋಣ. ಮೈಸೂರು ಸಂಸ್ಥಾನದಲ್ಲಿ ಈ ಕಾರ್ಯಕ್ಕೆ ಅಡಿಗಲ್ಲನ್ನಿಟ್ಟವರಲ್ಲಿ ಒಬ್ಬರು ವ್ಯಾಪಾರಿಗಳು. ಗುಬ್ಬಿಯ ತೋಟದಪ್ಪನವರು (1838-1910) ಬೆಂಗಳೂರಿನ ರೈಲು ನಿಲ್ದಾಣದ ಬಳಿ ಕಟ್ಟಿಸಿದ ಧರ್ಮಛತ್ರವು 1903ರಲ್ಲಿ ಆರಂಭವಾಯಿತು. ಪ್ರವಾಸಿಗರಿಗೆ ತಂಗಲು ಸ್ಥಳ, ಜೊತೆಗೆ ಓದುವ ಹುಡುಗರಿಗೆ ಆಶ್ರಯ. ಮಕ್ಕಳಿಲ್ಲದ ಆ ಪುಣ್ಯಪುರುಷರು ತಮ್ಮ ಸಂಪತ್ತನ್ನು ಧರ್ಮಸಂಸ್ಥೆಗೆ ವಹಿಸಿಹೋದರು. 1906ರಲ್ಲಿ ಸ್ಥಾಪನೆಯಾದ ಒಕ್ಕಲಿಗರ ಸಂಘವೂ ತನ್ನ ಸಮಾಜದ ವಿದ್ಯಾರ್ಥಿಗಳಿಗೆ ನಿಲಯವನ್ನು ನಡೆಸಿತು. ಚಿತ್ರದುರ್ಗದ ಬೃಹನ್ಮಠದ ಜಯದೇವ ಜಗದ್ಗುರುಗಳು ತಾವು ಸಂಚರಿಸಿದ ಪಟ್ಟಣಗಳಲ್ಲಿ ವಿದ್ಯಾರ್ಥಿ ನಿಲಯಗಳಿಗೆ ನೆರವಾದರು. ದಾವಣಗೆರೆ, ಬೆಂಗಳೂರುಗಳಲ್ಲಿ ಅವರ ಹೆಸರಿನ ನಿಲಯಗಳನ್ನು ಬಲ್ಲವರು ವಾಚಕರಲ್ಲಿ ಅನೇಕರಿದ್ದಾರೆ. ಕರಾವಳಿಯಲ್ಲಿ ಕುದ್ಮುಲ್ ರಂಗರಾಯರು (1859-1928) ಸ್ವಜಾತಿಯವರ ಬಹಿಷ್ಕಾರವನ್ನು ಸಹಿಸಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ, ವಸತಿ ಎರಡನ್ನೂ ಒದಗಿಸಿದರು. ಉಜಿರೆಯಲ್ಲಿ ಸಿದ್ಧವನ ಗುರುಕುಲ ಹುಟ್ಟಿದುದು 1940ರಲ್ಲಿ.

ಉತ್ತರ ಕರ್ನಾಟಕದಲ್ಲಿ 1916 ಮತ್ತು 1917ನೆಯ ಇಸವಿಗಳು ಸ್ಮರಣೀಯವಾದವು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1917ರಲ್ಲಿ ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದವರ ಪ್ರಯತ್ನದ ಫಲವಾಗಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಅದೇ 1917ರಲ್ಲಿ, ಅದೇ ಧಾರವಾಡದಲ್ಲಿ, ಮುರುಘಾಮಠದ ಮೃತ್ಯುಂಜಯ ಅಪ್ಪಗಳವರು ಉಚಿತ ಪ್ರಸಾದ ನಿಲಯವನ್ನು ತೆರೆದರು. ಒಂದೇ ವರ್ಷದಲ್ಲಿ ಕಾಲೇಜು, ಒಂದೇ ವರ್ಷದಲ್ಲಿ ಅನ್ನ. ಈ ಎರಡು ಘಟನೆಗಳನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಬರೆಯುವ ಇತಿಹಾಸಕಾರರ ಕ್ರಮ ನಮಗೆ ಒಪ್ಪಿಗೆಯಾಗಿಲ್ಲ. ಎರಡನೆಯದಿಲ್ಲದೆ ಮೊದಲನೆಯದು ಪಟ್ಟಣಿಗರ ಮಕ್ಕಳ ಸೊತ್ತಾಗಿಯೇ ಉಳಿಯುತ್ತಿತ್ತು.

ಆ ಕಾಲವನ್ನು ನೆನೆದರೆ ಅಪ್ಪಗಳವರ ಸಾಹಸವು ಇನ್ನಷ್ಟು ಸ್ಪಷ್ಟವಾಗುತ್ತದೆ. ಮೊದಲನೆಯ ಮಹಾಯುದ್ಧದಿಂದ ದಿನಸಿನ ಬೆಲೆಗಳು ಏರಿದ್ದವು. ಮರುವರ್ಷವೇ ಮಳೆ ಕೈಕೊಟ್ಟಿತು, ಇನ್‌ಫ್ಲುಯೆಂಜಾ ಜ್ವರವು ಇಡೀ ದೇಶವನ್ನು ಆವರಿಸಿ ಊರೂರುಗಳನ್ನು ಬರಿದುಮಾಡಿತು. ಅಂತಹ ಹೊತ್ತಿನಲ್ಲಿ ಪರರ ಮಕ್ಕಳನ್ನು ಕರೆದು ಉಣ್ಣಲಿಕ್ಕುತ್ತೇವೆಂದು ಹೊರಟವರಿಗೆ ಇದ್ದ ಬಂಡವಾಳವೆಂದರೆ ಅಥಣಿ ಶಿವಯೋಗಿಗಳ ಪರಂಪರೆಯ ಮೇಲೆ ಜನರಿಗಿದ್ದ ಭಕ್ತಿ, ಹೆಗಲ ಮೇಲಿನ ಜೋಳಿಗೆ, ಇವೆರಡೇ.

ದಾನದ ಇನ್ನೊಂದು ಮಾದರಿಯನ್ನು ಶಿರಸಂಗಿ ಲಿಂಗರಾಜ ದೇಸಾಯಿಯವರು (1861-1906) ತೋರಿದ್ದರು. ತಮ್ಮ ವಿಸ್ತಾರವಾದ ಜಹಗೀರಿನ ಉತ್ಪನ್ನವನ್ನು ಸಮಾಜದ ಬಡ ವಿದ್ಯಾರ್ಥಿಗಳಿಗೆ ಮೃತ್ಯುಪತ್ರದ ಮೂಲಕ ಬರೆದುಕೊಟ್ಟ ಆ ಮಹಾನುಭಾವರ ವಿದ್ಯಾರ್ಥಿವೇತನದಿಂದ ಓದಿದವರು ಅನೇಕರು. ಆದರೆ ವಿದ್ಯಾರ್ಥಿವೇತನ ಬೇರೆ, ಪ್ರಸಾದ ನಿಲಯ ಬೇರೆ. ವೇತನವು ಪ್ರತಿಭೆಯನ್ನು ತೂಗಿ ನೋಡಿ ಕೊಡುವಂಥದು. ಪ್ರಸಾದವು ಹಸಿವನ್ನು ಮಾತ್ರ ಕೇಳುತ್ತದೆ. ಮೂರನೆಯ ವರ್ಗದಲ್ಲಿ ತೇರ್ಗಡೆಯಾದವನಿಗೂ ಹೊಟ್ಟೆಯಿರುತ್ತದಷ್ಟೆ.

ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳವರು ಇದೇ ಮಾರ್ಗದಲ್ಲಿ ನಡೆದರು. ಮೈಸೂರಿನಲ್ಲಿ ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು 1941ರಲ್ಲಿ ಕೆಲವೇ ವಿದ್ಯಾರ್ಥಿಗಳೊಡನೆ ನಿಲಯವನ್ನು ಆರಂಭಿಸಿದರು. ಅವರ ಮಹಾವಿದ್ಯಾಪೀಠ ಸ್ಥಾಪನೆಯಾದುದು 1954ರಲ್ಲಿ. ಮೊದಲು ಅನ್ನ, ಆಮೇಲೆ ವಿದ್ಯಾಲಯ ಎಂಬ ಈ ಕ್ರಮವನ್ನು ಗಮನಿಸಬೇಕು. ಎಷ್ಟೋ ಮಠಗಳ ಶಿಕ್ಷಣ ಸಂಸ್ಥೆಗಳು ಊಟದ ಮನೆಯಿಂದ ಮೊಳೆತವೇ ಹೊರತು ಊಟದ ಮನೆಗಳು ಶಿಕ್ಷಣ ಸಂಸ್ಥೆಗಳಿಂದ ಮೊಳೆತವಲ್ಲ. ಇಂದು ಕೆಲವೆಡೆ ಸಂಸ್ಥೆಗಳು ಬೆಳೆದು ಮುಗಿಲು ಮುಟ್ಟಿ, ಊಟದ ಮನೆಯು ಹಿತ್ತಲಿಗೆ ಸರಿದಿದೆಯೆಂದು ನೊಂದುಕೊಳ್ಳುವ ಹಿರಿಯರಿದ್ದಾರೆ. ಅವರು ಸುಳ್ಳಾಡುತ್ತಿಲ್ಲ.

ಸಿದ್ಧಗಂಗೆಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಉದ್ಧಾನ ಶಿವಯೋಗಿಗಳವರ ಕಾಲದಲ್ಲಿ, ಮತ್ತೆ ಅದೇ 1917ರಲ್ಲಿ, ಅಲ್ಲಿ ಸಂಸ್ಕೃತ ಪಾಠಶಾಲೆ ಸ್ಥಾಪನೆಯಾಯಿತು. ಮಾಗಡಿ ತಾಲ್ಲೂಕಿನ ವೀರಾಪುರದ ಒಬ್ಬ ಹುಡುಗ ತುಮಕೂರಿನಲ್ಲಿ ಓದುವಾಗ ಆ ಮಠದ ಆಶ್ರಯವನ್ನು ಪಡೆದನು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದಾಗ ತೋಟದಪ್ಪನವರ ಛತ್ರದಲ್ಲಿದ್ದು ಓದಿದನು. 1930ರಲ್ಲಿ ಆ ತರುಣನೇ ಶಿವಕುಮಾರ ಸ್ವಾಮಿಗಳಾದರು. 1941ರಲ್ಲಿ ಉದ್ಧಾನ ಸ್ವಾಮಿಗಳವರು ಲಿಂಗೈಕ್ಯರಾದ ಮೇಲೆ ಮಠದ ಸಂಪೂರ್ಣ ಹೊಣೆ ಹೊತ್ತು, 2019ರ ಜನವರಿ 21ರಂದು ತಾವು ಲಿಂಗೈಕ್ಯರಾಗುವವರೆಗೂ ಅದನ್ನು ನಿರ್ವಹಿಸಿದರು. ಅವರ ಕೊನೆಗಾಲದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಜಾತಿಮತಗಳ ಎಣಿಕೆಯಿಲ್ಲದೆ ಅಲ್ಲಿ ಉಂಡು, ಮಲಗಿ, ಓದುತ್ತಿದ್ದರು. ಈ ಸರಪಣಿಯನ್ನು ಹಿಂದಕ್ಕೆ ಎಳೆದು ನೋಡಿರಿ. ಗುಬ್ಬಿಯ ಒಬ್ಬ ವರ್ತಕರು 1903ರಲ್ಲಿ ತೆರೆದ ಛತ್ರದ ಒಂದು ಮೂಲೆಯಲ್ಲಿ ಹಾಸಿಗೆ ಬಿಚ್ಚಿದ ವಿದ್ಯಾರ್ಥಿಯೊಬ್ಬನು ಮುಂದೆ ಎಷ್ಟು ಲಕ್ಷ ಎಲೆಗಳಿಗೆ ಅನ್ನವಿಕ್ಕಿಸಿದನು! ಛತ್ರ ಕಟ್ಟಿಸಿದವರಿಗೆ ಇದು ತಿಳಿದಿರಲು ಸಾಧ್ಯವಿರಲಿಲ್ಲ.

ಪ್ರಸಾದ ನಿಲಯವು ನಡೆಯುವುದಾದರೂ ಹೇಗೆ ಎಂಬುದನ್ನು ಈಗಿನ ತರುಣರಿಗಾಗಿ ಕೊಂಚ ವಿವರಿಸಬೇಕು. ಲೆಕ್ಕ ಸರಳವಾಗಿದೆ. ಬೆಳೆಯುವ ಹುಡುಗನೊಬ್ಬನಿಗೆ ದಿನಕ್ಕೆ ಅರ್ಧ ಕಿಲೋ ಧಾನ್ಯವಾದರೂ ಬೇಕು. ವರ್ಷದಲ್ಲಿ 300 ದಿನವೆಂದರೆ ಒಂದೂವರೆ ಕ್ವಿಂಟಲ್. ನೂರು ಹುಡುಗರಿಗೆ 150 ಕ್ವಿಂಟಲ್. ಮಳೆಯನ್ನೇ ನಂಬಿದ ನಮ್ಮ ಎರೆಹೊಲದಲ್ಲಿ ಎಕರೆಗೆ ಮೂರು ಕ್ವಿಂಟಲ್ ಜೋಳ ಬಂದರೆ, ನೂರು ವಿದ್ಯಾರ್ಥಿಗಳ ರೊಟ್ಟಿಗೇ ಐವತ್ತು ಎಕರೆಯ ಸಂಪೂರ್ಣ ಬೆಳೆ ಬೇಕು. ಬೇಳೆ, ಎಣ್ಣೆ, ಉಪ್ಪು, ಮೆಣಸಿನಕಾಯಿ, ಕಟ್ಟಿಗೆ ಇದರ ಮೇಲೆ. ಇಷ್ಟು ಜಮೀನು ಎಲ್ಲ ಮಠಗಳಿಗೂ ಇರಲಿಲ್ಲ. ಇದ್ದ ಮಠಗಳ ಜಮೀನೂ ಭೂಸುಧಾರಣೆಯ ಕಾಯಿದೆಯ ನಂತರ ಬಹುಪಾಲು ಉಳುವವರಿಗೆ ಸೇರಿತು. ಅದು ನ್ಯಾಯವೇ ಆಯಿತೆಂದು ನಾವು ತಿಳಿಯುತ್ತೇವೆ. ಆದರೆ ಊಟದ ಮನೆಯ ಭಾರ ಅದರಿಂದ ಇಳಿಯಲಿಲ್ಲ.

ಆದುದರಿಂದ ನಿಲಯಗಳು ನಡೆದುದು ಭಕ್ತರ ಕಣದಿಂದ. ಸುಗ್ಗಿಯ ಕಾಲದಲ್ಲಿ ಸ್ವಾಮಿಗಳು ಶಿಷ್ಯರೊಡನೆ ಊರೂರಿಗೆ ಚಕ್ಕಡಿ ಕಟ್ಟಿಕೊಂಡು ಹೊರಡುತ್ತಿದ್ದರು. ರಾಶಿ ಮಾಡಿದ ಕಣದಲ್ಲಿಯೇ ಮಠದ ಪಾಲನ್ನು ಅಳೆದು ಹಾಕುತ್ತಿದ್ದರು. ದಕ್ಷಿಣದಲ್ಲಿ ರಾಗಿ, ತೆಂಗಿನಕಾಯಿ, ಹುಣಿಸೆಹಣ್ಣು. ಉತ್ತರದಲ್ಲಿ ಜೋಳ, ಕಡಲೆ, ತೊಗರಿ. ಒಂದು ಚೀಲ ಕೊಟ್ಟ ಗೌಡರಿಗಿಂತ ಒಂದು ಮೊರ ಕೊಟ್ಟ ಮುದುಕಿಯ ಕೈ ದೊಡ್ಡದೆಂದು ನಮ್ಮ ಗುರುಗಳು ಹೇಳುತ್ತಿದ್ದರು. ತಂದ ಕಾಳು ಹಗೇವಿಗೆ ಇಳಿಯುತ್ತಿತ್ತು. ವಟುಗಳ ಕಂತಿಭಿಕ್ಷೆಯ ಹಿಟ್ಟುರೊಟ್ಟಿಗಳು ನಿತ್ಯದ ಕೊರತೆಯನ್ನು ತುಂಬುತ್ತಿದ್ದವು. ಎರಡನೆಯ ಮಹಾಯುದ್ಧದ ಕಾಲದ ಪಡಿತರದ ಕಟ್ಟುಪಾಡಿನಲ್ಲಿ ಧಾನ್ಯವನ್ನು ಊರಿಂದೂರಿಗೆ ಒಯ್ಯುವುದೇ ಅಪರಾಧವಾದಾಗ ನಿಲಯಗಳು ಪಟ್ಟ ಪಾಡನ್ನು ಹಿರಿಯರ ಬಾಯಿಂದ ನಾವು ಕೇಳಿದ್ದೇವೆ. ನುಚ್ಚು ಅಂಬಲಿಯಾಯಿತು, ಅಂಬಲಿ ತೆಳ್ಳಗಾಯಿತು, ಆದರೂ ಒಲೆ ಆರಲಿಲ್ಲ.

ಇದನ್ನು ‘ಬೋರ್ಡಿಂಗ್’ ಎನ್ನದೆ ‘ಪ್ರಸಾದ ನಿಲಯ’ವೆಂದು ಕರೆದುದರಲ್ಲಿಯೂ ಒಂದು ಅರ್ಥವಿತ್ತು. ಪ್ರಸಾದವೆಂದ ಮೇಲೆ ಕೊಡುವವನು ಮೇಲಲ್ಲ, ಕೊಳ್ಳುವವನು ಕೆಳಗಲ್ಲ. ದಾಸೋಹಂ ಭಾವದಲ್ಲಿ ದಾತೃವೇ ಸೇವಕ. ಉಂಡ ಹುಡುಗನಿಗೆ ಭಿಕ್ಷೆಯುಂಡೆನೆಂಬ ಕುಗ್ಗು ಬಾರದಿರಲೆಂದು ಹಿರಿಯರು ಈ ಹೆಸರನ್ನು ಆಯ್ದರು. ಕಟ್ಟಿಗೆ ಒಡೆಯುವುದು, ನೀರು ಸೇದುವುದು, ಬಡಿಸುವುದು, ಅಂಗಳ ಗುಡಿಸುವುದು ವಿದ್ಯಾರ್ಥಿಗಳ ಸರದಿಯ ಕಾಯಕವಾಗಿತ್ತು. ಅದು ಖರ್ಚು ಉಳಿಸುವ ಉಪಾಯವೂ ಹೌದು, ಮುಚ್ಚಿಡುವುದೇಕೆ?

ಇನ್ನು ತಲೆ ತಗ್ಗಿಸುವ ಪುಟ. ಬಸವಾದಿ ಶರಣರ ಹೆಸರಿನಲ್ಲಿ ನಡೆದ ಎಲ್ಲ ನಿಲಯಗಳೂ ಮೊದಲ ದಿನದಿಂದಲೇ ಎಲ್ಲರಿಗೂ ತೆರೆದಿದ್ದವೆಂದು ನಾವು ಹೇಳಿಕೊಂಡರೆ ಅದು ಇತಿಹಾಸವಾಗುವುದಿಲ್ಲ. ಅನೇಕ ನಿಲಯಗಳು ಹುಟ್ಟಿದುದು ಸಮಾಜದ ಮಕ್ಕಳಿಗೆಂದೇ. ಸಮಾಜದೊಳಗೂ ಒಳಪಂಗಡದ ಲೆಕ್ಕಾಚಾರಗಳು ಇಲ್ಲದಿರಲಿಲ್ಲ. ಅನ್ಯ ಜಾತಿಯವರಿಗೆ ಮೊದಲು ಊಟದ ಮನೆ ತೆರೆಯಿತು, ಮಲಗುವ ಕೋಣೆ ತೆರೆಯಲು ಮತ್ತಷ್ಟು ಕಾಲ ಹಿಡಿಯಿತು. ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳಿಗಾಗಿ 1920ರ ದಶಕದ ಕೊನೆಯಲ್ಲಿ ಡಾ. ಅಂಬೇಡ್ಕರ್ ಅವರ ಪ್ರಯತ್ನದಿಂದ ಪ್ರತ್ಯೇಕ ವಸತಿಗೃಹವೇ ಏರ್ಪಡಬೇಕಾಯಿತು. ಮಠಗಳ ನಿಲಯಗಳಿದ್ದ ಊರಿನಲ್ಲಿಯೇ ಅದು ಬೇಕಾಯಿತೆಂಬುದನ್ನು ನಾವು ನೆನಪಿಡಬೇಕು. ಹೆಣ್ಣುಮಕ್ಕಳ ಪಂಕ್ತಿಯಂತೂ ಇನ್ನೂ ತಡವಾಗಿ ಬಂದಿತು. ಪಟ್ಟಣದಲ್ಲಿ ಸುರಕ್ಷಿತವಾದ ಒಂದು ಕೋಣೆಯಿಲ್ಲವೆಂಬ ಕಾರಣಕ್ಕೆ ಓದು ನಿಲ್ಲಿಸಿ ಹಸೆಮಣೆ ಏರಿದ ಜಾಣೆಯರೆಷ್ಟು ಮಂದಿಯೋ! ಯಾವ ನಿಲಯದ ಹಾಜರಿ ಪುಸ್ತಕದಲ್ಲಿಯೂ ಅವರ ಹೆಸರಿಲ್ಲದ ಕಾರಣ ಅವರನ್ನು ಎಣಿಸುವ ಬಗೆಯಿಲ್ಲ.

ನಮ್ಮ ಅನುಭವವೊಂದನ್ನು ಇಲ್ಲಿ ಹೇಳಬೇಕಾಗಿದೆ. ನಾವು ಪೂರ್ವಾಶ್ರಮದಲ್ಲಿ ವಟುವಾಗಿ ಸಂಸ್ಕೃತ ಪಾಠಶಾಲೆಯಲ್ಲಿದ್ದು, ಜೊತೆಗೇ ಕಾಲೇಜಿಗೂ ಹೋಗುತ್ತಿದ್ದೆವು. ಊರಿನ ಹೆಸರಾಗಲಿ ನಿಲಯದ ಹೆಸರಾಗಲಿ ಬೇಡ. ನಮ್ಮ ತರಗತಿಯಲ್ಲಿ ದಲಿತ ಕೇರಿಯಿಂದ ಬಂದ ಒಬ್ಬ ಗೆಳೆಯನಿದ್ದ. ಗಣಿತದಲ್ಲಿ ನಮ್ಮೆಲ್ಲರಿಗಿಂತ ಮುಂದು. ಮಧ್ಯಾಹ್ನ ದಾಸೋಹದಲ್ಲಿ ಅವನೂ ಉಣ್ಣುತ್ತಿದ್ದ. ಯಾರೂ ಬೇಡವೆನ್ನುತ್ತಿರಲಿಲ್ಲ. ಆದರೆ ಅವನು ಯಾವಾಗಲೂ ಬಾಗಿಲಿಗೆ ಹತ್ತಿರದ ಕೊನೆಯ ಎಲೆಗೇ ಕೂಡುತ್ತಿದ್ದ. ಅಲ್ಲಿಯೇ ಕೂಡೆಂದು ಯಾರೂ ಹೇಳಿದ್ದನ್ನು ನಾವು ಕೇಳಿಲ್ಲ, ಈಚೆಗೆ ಬಾ ಎಂದು ನಾವೂ ಕರೆಯಲಿಲ್ಲ. ಸರ್ಕಾರಿ ನಿಲಯದ ಪಟ್ಟಿಯಲ್ಲಿ ಅವನ ಹೆಸರು ಆ ವರ್ಷ ಬಂದಿರಲಿಲ್ಲ. ಎರಡನೆಯ ವರ್ಷದ ದಸರೆಯ ರಜೆಗೆ ಊರಿಗೆ ಹೋದವನು ಹಿಂದಿರುಗಲಿಲ್ಲ.

ಸುಮಾರು ಇಪ್ಪತ್ತು ವರ್ಷಗಳಾದ ಮೇಲೆ ಒಂದು ಜಾತ್ರೆಯಲ್ಲಿ ಅವನು ಸಿಕ್ಕನು. ಪಂಪ್‌ಸೆಟ್ಟುಗಳ ಮೋಟಾರು ಸುತ್ತುವ ಅಂಗಡಿಯಿಟ್ಟುಕೊಂಡಿದ್ದನು. ನಮ್ಮ ಕಾವಿಯನ್ನು ನೋಡಿ ನಮಸ್ಕರಿಸಹೊರಟವನನ್ನು ತಡೆದು, ಅಂದು ಏಕೆ ಬಿಟ್ಟುಹೋದೆಯೆಂದು ಕೇಳಿದೆವು. ಅವನು ಸಿಟ್ಟಿಲ್ಲದೆ ಹೇಳಿದನು: “ಉಣ್ಣಾಕ ಹಾಕಿದ್ರಿ ಅಜ್ಜಾರ, ಇಲ್ಲ ಅನ್ನಂಗಿಲ್ಲ. ರಾತ್ರಿ ಎಲ್ಲಿ ಮಲಗ್ತೀ ಅಂತ ಯಾರೂ ಕೇಳಲಿಲ್ಲ. ಬಸ್‌ಸ್ಟ್ಯಾಂಡಿನಾಗ ಎಷ್ಟು ದಿನ ಮಲಗೂದ್ರಿ?” ಒಂದೂಕಾಲು ವರ್ಷ ನಮ್ಮೊಡನೆ ಉಂಡವನು ಬಸ್ ನಿಲ್ದಾಣದಲ್ಲಿ ಮಲಗುತ್ತಿದ್ದನೆಂಬುದು ನಮಗೆ ಅಂದೇ ತಿಳಿದುದು.

ಸ್ವಾತಂತ್ರ್ಯಾನಂತರ ಸರ್ಕಾರವು ಈ ಕ್ಷೇತ್ರಕ್ಕೆ ಇಳಿದುದನ್ನು ಹೇಳದೆ ಈ ಇತಿಹಾಸ ಪೂರ್ಣವಾಗದು. ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದ 1970ರ ದಶಕದಲ್ಲಿ ಹಿಂದುಳಿದ ವರ್ಗಗಳ ವಿದ್ಯಾರ್ಥಿ ನಿಲಯಗಳು ಜಿಲ್ಲೆ ಜಿಲ್ಲೆಗಳಲ್ಲಿ ಹೆಚ್ಚಿದವು. ಮಠಗಳು ಮುಟ್ಟದ ಮಕ್ಕಳನ್ನು ಆ ನಿಲಯಗಳು ಮುಟ್ಟಿದವೆಂಬುದನ್ನು ಒಪ್ಪಿಕೊಳ್ಳಲು ಮಠದವರಿಗೆ ಸಂಕೋಚವಿರಬಾರದು. ಆದರೂ ಅರ್ಜಿ ಹಾಕಿದವರಿಗೆಲ್ಲ ಸ್ಥಳ ದೊರೆಯುವಂತಾಗಲಿಲ್ಲ. ನಿಲಯ ಸಿಗದವರಿಗಾಗಿ 2013ರಲ್ಲಿ ‘ವಿದ್ಯಾಸಿರಿ’ ಯೋಜನೆ ಬಂದಿತು. ಅದು ಆರಂಭವಾದಾಗ ಗೊತ್ತುಪಡಿಸಿದ ನೆರವು ತಿಂಗಳಿಗೆ 1500 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು. ಅಂದರೆ ದಿನಕ್ಕೆ ಐವತ್ತು ರೂಪಾಯಿ, ಅದರಲ್ಲಿಯೇ ಊಟ, ಅದರಲ್ಲಿಯೇ ಬಾಡಿಗೆ. ಇಲ್ಲದುದಕ್ಕಿಂತ ಲೇಸು, ನಿಜ. ನಗರದಲ್ಲಿ ಕೋಣೆ ಹಿಡಿದವರಿಗೆ ಆ ಐವತ್ತು ರೂಪಾಯಿ ಎಲ್ಲಿಯವರೆಗೆ ಬರುತ್ತದೆಂಬುದನ್ನು ವಾಚಕರೇ ಬಲ್ಲರು. 2017ರಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳು ತೆರೆದಾಗ, ಹತ್ತು ರೂಪಾಯಿಯ ಊಟಕ್ಕೆ ಕೂಲಿಕಾರರ ಜೊತೆಯಲ್ಲಿ ಪುಸ್ತಕದ ಚೀಲ ಹೊತ್ತ ಹುಡುಗರೂ ಸಾಲಿನಲ್ಲಿ ನಿಂತಿದ್ದುದನ್ನು ನಾವೇ ಕಂಡಿದ್ದೇವೆ.

ಇಂದಿನ ತೊಡಕು ವಾರಾನ್ನದ ಕಾಲದ ತೊಡಕಿಗಿಂತ ಸೂಕ್ಷ್ಮವಾದುದು. ಹಣವೂ ಉಂಟು, ಯೋಜನೆಯೂ ಉಂಟು, ಆದರೆ ಹೊತ್ತಿಗೆ ಒದಗುವುದಿಲ್ಲ. ಕಾಲೇಜಿನ ಪ್ರವೇಶ ಮೊದಲಾಗುತ್ತದೆ, ತರಗತಿಗಳು ಮೊದಲಾಗುತ್ತವೆ. ನಿಲಯದ ಆಯ್ಕೆಪಟ್ಟಿ ಹೊರಬೀಳುವುದು ಅದರ ನಂತರ. ವಿದ್ಯಾರ್ಥಿವೇತನ ಖಾತೆಗೆ ಜಮೆಯಾಗುವುದು ಇನ್ನೂ ನಂತರ. ಈ ನಡುವಿನ ಒಂದೆರಡು ತಿಂಗಳಲ್ಲಿಯೇ ಹಳ್ಳಿಯ ಹುಡುಗನೋ ಹುಡುಗಿಯೋ ಸೋತು ಊರಿಗೆ ಮರಳುವುದು. ಹೀಗೆ ಮರಳಿದವರನ್ನು ಕಾಲೇಜಿನವರು ಗೈರುಹಾಜರಿ ಎಂದು ಬರೆದುಕೊಳ್ಳುತ್ತಾರೆ, ಊರಿನವರು ಓದು ಹತ್ತಲಿಲ್ಲ ಎನ್ನುತ್ತಾರೆ.

ನಮ್ಮ ನಿಲಯದಲ್ಲಿ ಇರುವ ಕೋಣೆಗಳು ಪ್ರತಿವರ್ಷವೂ ಮೊದಲ ವಾರದಲ್ಲಿಯೇ ತುಂಬಿಹೋಗುತ್ತವೆ. ಹೀಗಾಗಿ ಹೊಸ ಕಟ್ಟಡವಾಗುವವರೆಗೆ ಕಾಯದೆ, ಈ ಸಲ ಮುಂಗಾರಿನ ಮೊದಲೇ ಹಳೆಯ ಉಗ್ರಾಣದ ಎರಡು ಅಂಕಣಗಳನ್ನು ಖಾಲಿ ಮಾಡಿಸಿ, ಸುಣ್ಣ ಹಚ್ಚಿಸಿ, ಜಮಖಾನೆ ಹಾಸಿ, ದೀಪದ ವ್ಯವಸ್ಥೆ ಮಾಡಿಸಿದೆವು. ಯಾವ ನಿಲಯದ ಪಟ್ಟಿಯಲ್ಲಿಯೂ ಇನ್ನೂ ಹೆಸರು ಬಾರದ ವಿದ್ಯಾರ್ಥಿಗಳಿಗೆ, ಹೆಸರು ಬರುವವರೆಗೆ. ಅರ್ಜಿಯಿಲ್ಲ, ಜಾತಿಯ ಪತ್ರವಿಲ್ಲ, ಕಾಲೇಜಿನ ಪ್ರವೇಶದ ರಸೀದಿ ತೋರಿಸಿದರಾಯಿತು. ಹದಿನಾಲ್ಕು ಮಂದಿ ಬಂದರು. ಒಂಬತ್ತು ಮಂದಿಗೆ ಸರ್ಕಾರಿ ನಿಲಯಗಳಲ್ಲಿ ಸ್ಥಳ ದೊರೆತು ಹೋಗಿದ್ದಾರೆ, ಐವರು ಇನ್ನೂ ಇದ್ದಾರೆ. ವಿದ್ಯಾರ್ಥಿನಿಯರಿಗೆ ಇಂತಹುದೇ ವ್ಯವಸ್ಥೆಯನ್ನು ಮಠದ ಆವರಣದಲ್ಲಿ ಮಾಡುವುದು ಸಾಧ್ಯವಾಗಲಿಲ್ಲ. ಊರಿನ ಅಕ್ಕನ ಬಳಗದ ತಾಯಂದಿರು ತಮ್ಮ ಪ್ರಾರ್ಥನಾ ಮಂದಿರದ ಮೇಲ್ಮಾಳಿಗೆಯನ್ನು ತೋರಿಸಿದ್ದಾರೆ. ಅದಕ್ಕೆ ಸ್ನಾನದ ಮನೆಯೊಂದನ್ನು ಕಟ್ಟಿಸಬೇಕಾಗಿದೆ. ಉಗ್ರಾಣಕ್ಕೆ ಮಿಂಚುಪಂಖಗಳನ್ನು ಹಾಕಿಸಿ, ಸುಟ್ಟುಹೋಗಿದ್ದ ನೀರಿನ ಪಂಪಿನ ಮೋಟಾರನ್ನು ಹೊಸದಾಗಿ ಸುತ್ತಿಕೊಟ್ಟವನು ನಮ್ಮ ಆ ಹಳೆಯ ಸಹಪಾಠಿ. ಕೂಲಿಯನ್ನು ಕೇಳಲಿಲ್ಲ. ಅಂದು ಮಧ್ಯಾಹ್ನ ಅವನನ್ನು ನಮ್ಮ ಎಡೆಯ ಪಕ್ಕದಲ್ಲಿಯೇ ಕೂಡಿಸಿಕೊಂಡು ಪ್ರಸಾದ ಸ್ವೀಕರಿಸಿದೆವು. ಊಟವಾದ ಮೇಲೆ ಅವನು ಎದ್ದು ಹೋಗಿ ಬಾಗಿಲ ಬಳಿಯ ಆ ಕೊನೆಯ ಸ್ಥಳದಲ್ಲಿ ಈಗ ಯಾರು ಕೂಡುತ್ತಾರೆಂದು ಬಡಿಸುವ ಹುಡುಗನನ್ನು ಕೇಳಿದನು. ತಡವಾಗಿ ಬಂದವರು ಕೂಡುತ್ತಾರೆಂದು ಆ ಹುಡುಗ ಹೇಳಿದನು.